ಮೇಷ್ಟ್ರ ಪೆಟ್ಟಿಗೆಯಲ್ಲಿ ಇನ್ನೊಬ್ಬ

ಮುಚ್ಚಳ ತೆಗೆದಾಗ ಪೆಟ್ಟಿಗೆಯಲ್ಲಿ ಮಲಗಿದ್ದವರು ಮೇಷ್ಟ್ರಾಗಿರಲಿಲ್ಲ.

ಮೈಮೇಲೆ ಕರಿ ಕೋಟು ಇತ್ತು. ಟೈ ಇತ್ತು. ಕೈಗಳನ್ನು ಎದೆಯ ಮೇಲೆ ಒಪ್ಪವಾಗಿ ಜೋಡಿಸಿದ್ದರು. ಮುಖ ಮಾತ್ರ ಬೇರೆ. ಬಡಕಲು ಮುದುಕ, ಚೂಪು ಗದ್ದ, ಒಳಗೆ ಹೋದ ಕೆನ್ನೆ. ಅಲ್ಲಿ ಸೇರಿದ್ದವರಲ್ಲಿ ಒಬ್ಬರೂ ಅವನನ್ನು ಕಂಡವರಲ್ಲ.

ಮುಚ್ಚಳ ತೆಗೆಸಿದ್ದು ಮಗಳು. ದೂರದ ಊರಿಂದ ರೈಲಿನಲ್ಲಿ ಬಂದು ನೇರ ಇಲ್ಲಿಗೇ ಬಂದಿದ್ದಳು. ಮುಖ ನೋಡದೆ ಮಣ್ಣು ಹಾಕುವುದಿಲ್ಲ ಎಂದು ಪಟ್ಟು ಹಿಡಿದಿದ್ದಳು. ಈಗ ಪೆಟ್ಟಿಗೆಯ ಅಂಚು ಹಿಡಿದು ನಿಂತವಳು, "ಇದು ನಮ್ಮಪ್ಪ ಅಲ್ಲ" ಎಂದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಎಂದು ಇನ್‌ಸ್ಪೆಕ್ಟರ್‌ಗೆ ಅನಿಸಿತು.

ಇನ್‌ಸ್ಪೆಕ್ಟರ್ ಅಂದು ಕೆಲಸಕ್ಕೆಂದು ಬಂದವಳಲ್ಲ. ಸಾದಾ ಬಟ್ಟೆಯಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಅವಳಿಗೆ ಈಜು ಕಲಿಸಿದ್ದು ಮೇಷ್ಟ್ರೇ. ಊರಿನ ಅರ್ಧ ಜನಕ್ಕೆ ಕಲಿಸಿದ್ದು ಅವರೇ. ಚಿಕ್ಕವಳಿದ್ದಾಗ ಕೊಳದ ಆಳದ ತುದಿಯಲ್ಲಿ ಮುಳುಗುತ್ತಿದ್ದವಳ ಜುಟ್ಟು ಹಿಡಿದು ದಡಕ್ಕೆ ಎಳೆದು ಹಾಕಿ, "ಕಪ್ಪೆ, ಉಸಿರು ಬಿಡು" ಎಂದಿದ್ದರು. ಆ ಋಣಕ್ಕೆ ರಜೆ ಹಾಕಿ ಬಂದಿದ್ದಳು.

ಎದ್ದು ಮುಂದೆ ಹೋದಳು. "ಯಾರೂ ಏನನ್ನೂ ಮುಟ್ಟಬೇಡಿ."

ಪೆಟ್ಟಿಗೆಯ ಮೇಲೆ ಬಾಗಿದಳು. ಹೂವಿನ ವಾಸನೆ. ಅದರಡಿಗೆ ಔಷಧದ ವಾಸನೆ. ಅದರಡಿಗೆ ಇನ್ನೊಂದು, ನುಸಿಗುಳಿಗೆಯದು. ಪೆಟ್ಟಿಗೆ ದೊಡ್ಡದು, ಮುದುಕ ಸಣ್ಣ. ಅಲುಗಾಡದಿರಲೆಂದು ಎರಡೂ ಪಕ್ಕ ದಿಂಬು ತುರುಕಿದ್ದರು. ಕೋಟು ಮಾತ್ರ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು.

"ಕೋಟು ಅಪ್ಪಂದೇ" ಎಂದಳು ಮಗಳು. "ಅಪ್ಪ ಅಮ್ಮನ ಮದುವೆ ಫೋಟೋದಲ್ಲಿ ಇದೇ ಕೋಟು. ಕಾಲರಿನ ಅಂಚಿಗೆ ಹೊಳೆಯೋ ಪಟ್ಟಿ ನೋಡಿ." ಆಮೇಲೆ ಮೊದಲ ಸಾಲಿನತ್ತ ತಿರುಗಿದಳು. "ಚಿಕ್ಕಮ್ಮ, ಅಪ್ಪ ಎಲ್ಲಿ?"

ಚಿಕ್ಕಮ್ಮ ಎಂದರೆ ಮೇಷ್ಟ್ರ ಎರಡನೇ ಹೆಂಡತಿ. ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ದೊಡ್ಡಮ್ಮ, ತೀರಿಹೋದ ಮೊದಲ ಹೆಂಡತಿಯ ಅಕ್ಕ. ತಾಯಿಲ್ಲದ ಆ ಮಗಳನ್ನು ಸಾಕಿದವಳು. ಅವಳ ಬೆನ್ನು ಕುರ್ಚಿಗೆ ತಾಗಿರಲಿಲ್ಲ.

"ಮೊದಲು ಅವಳಿಗೆ ನೀರು ಕೊಡಿ" ಎಂದಳು ದೊಡ್ಡಮ್ಮ, ಚಿಕ್ಕಮ್ಮನ ಮೊಣಕೈ ಹಿಡಿದು. "ಆಮೇಲೆ ಕೇಳುವಿರಂತೆ."

* * *

ಹೆಣಗಳನ್ನು ಇರಿಸಿಕೊಂಡು, ಬಟ್ಟೆ ತೊಡಿಸಿ, ಪೆಟ್ಟಿಗೆ ಕೊಟ್ಟು ಕಳಿಸಿಕೊಡುವ ಆ ಜಾಗವನ್ನು ಊರಿನವರು ಪೆಟ್ಟಿಗೆ ಅಂಗಡಿ ಎನ್ನುತ್ತಿದ್ದರು. ಬೆಂಕಿಪೊಟ್ಟಣ, ಪೆಪ್ಪರಮೆಂಟು ಸಿಗುವ ಪೆಟ್ಟಿಗೆ ಅಂಗಡಿಯಲ್ಲ. ಇಲ್ಲಿ ಒಂದೇ ಬಗೆಯ ಪೆಟ್ಟಿಗೆ, ಗಿರಾಕಿ ಮಾತ್ರ ಎರಡನೇ ಸಲ ಬರುವುದಿಲ್ಲ. ಮಾಲೀಕನ ಕೋಣೆಯ ಗೋಡೆಗೆ ಪೆಟ್ಟಿಗೆಯ ಹಿಡಿಗಳನ್ನು ಸಾಲಾಗಿ ಬಡಿದಿದ್ದರು. ಹಿತ್ತಾಳೆ, ಉಕ್ಕು, ಮರ. ಕೆಳಗೆ ಒಳಹಾಸಿನ ರೇಷ್ಮೆ ತುಂಡುಗಳು. ಸೀರೆ ಅಂಗಡಿಯಲ್ಲಿ ಕೂತಂತಿತ್ತು.

ಮಾಲೀಕನ ಮಾತು ಬೆಣ್ಣೆಯಷ್ಟು ಮೃದು. ದುಃಖ ಅವನಿಗೆ ದಿನದ ಕಸುಬು.

"ಹಿಂದಿನ ಕೋಣೆಯಲ್ಲಿ ಎಷ್ಟು ಜನ ಇದ್ದರು?"

"ಇಬ್ಬರು ಮೇಡಂ. ಮೇಷ್ಟ್ರು, ಇನ್ನೊಬ್ಬರು ಗಡಿಯಾರ ರಿಪೇರಿ ಮಾಡ್ತಿದ್ದವರು."

"ಪೆಟ್ಟಿಗೆಯಲ್ಲಿ ಇರೋದು ಆ ಗಡಿಯಾರದವರು?"

"ಹೌದು ಅನ್ನಿಸುತ್ತೆ."

"ಅವರ ಜಾಗದಲ್ಲಿ ಯಾರಿದ್ದಾರೆ?"

ಮಾಲೀಕ ಕರವಸ್ತ್ರ ತೆಗೆದ. "ಯಾರೂ ಇಲ್ಲ. ಅವರಿಗೆ ಸುಡೋದು ಅಂತ ಆರಿಸಿದ್ದರು. ನಿನ್ನೆ ಬೆಳಿಗ್ಗೆ ಚಿತಾಗಾರದಲ್ಲಿ ಎಲ್ಲಾ ಮುಗೀತು. ಅವರ ಹೆಂಡತಿಗೆ ಬೂದಿನೂ ಕೊಟ್ಟಾಯಿತು."

ಇನ್‌ಸ್ಪೆಕ್ಟರ್ ಹಿತ್ತಾಳೆಯ ಹಿಡಿಯೊಂದನ್ನು ನೋಡುತ್ತಾ ಕೂತಳು. ನಿನ್ನೆ ಬೆಳಿಗ್ಗೆ ಬೂದಿಯಾದದ್ದು ಮೇಷ್ಟ್ರು.

"ಗುರುತಿಗೆ ಏನು ಮಾಡ್ತೀರಿ?"

"ಕಾಲಿಗೆ ಹೆಸರಿನ ಬಿಲ್ಲೆ ಕಟ್ತೀವಿ. ದಾರದಲ್ಲಿ. ತಂದವರು ಕಟ್ಟಿ ಹೋಗ್ತಾರೆ. ಬಟ್ಟೆ ಹಾಕೋ ಹೆಂಗಸು ಬಿಲ್ಲೆ ನೋಡಿ ಹಾಕ್ತಾಳೆ. ಆಕೆ ಹೊಸಬಳು, ಮೇಷ್ಟ್ರ ಮುಖ ಗೊತ್ತಿಲ್ಲ."

"ಹಾಗಾದರೆ ಬಿಲ್ಲೆ ಅದಲುಬದಲಾಗಿದೆ."

"ನಮ್ಮ ಕಡೆಯಿಂದ ಆಗಿರೋಕೆ ಸಾಧ್ಯವೇ ಇಲ್ಲ" ಎಂದ ಮಾಲೀಕ. ಸಾಧ್ಯವೇ ಇಲ್ಲ ಎನ್ನುವವರ ಮಾತನ್ನು ಇನ್‌ಸ್ಪೆಕ್ಟರ್ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಳು. ಎದ್ದು ಹಿಂದಿನ ಕೋಣೆಗೆ ನಡೆದಳು.

ಕೋಣೆ ತಣ್ಣಗಿತ್ತು. ಎರಡು ಉದ್ದನೆಯ ಮೇಜು, ಎರಡರ ನಡುವೆ ಒಂದು ಕುರ್ಚಿ. ಮೂಲೆಯಲ್ಲಿ ತೆಳು ಹಲಗೆಯ ಕಿರಿದಾದ ಪೆಟ್ಟಿಗೆಯೊಂದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಗಡಿಯಾರದವರ ಹೆಸರಿತ್ತು.

"ಇದು ಇಲ್ಯಾಕಿದೆ? ಇದರಲ್ಲೇ ಅವರು ಹೋಗಬೇಕಿತ್ತಲ್ಲ?"

ಮಾಲೀಕ ಬಾಗಿಲಲ್ಲೇ ನಿಂತ. "ಚಿಕ್ಕದಾಯಿತು. ಬೇರೆ ತಂದೆವು."

"ಅಳತೆ ತೆಗೆದಿರಲಿಲ್ವಾ?"

"ಮೊನ್ನೆ ಬೆಳಿಗ್ಗೆ ನಾನೇ ತೆಗೆದಿದ್ದೆ."

"ಅಳತೆ ತೆಗೆದು ಮಾಡಿದ ಪೆಟ್ಟಿಗೆ ಮರುದಿನಕ್ಕೆ ಚಿಕ್ಕದಾಯಿತು. ಅತ್ತ ಮೇಷ್ಟ್ರ ಪೆಟ್ಟಿಗೆ ದೊಡ್ಡದಾಯಿತು ಅಂತ ದಿಂಬು ತುರುಕಿದಿರಿ. ಒಬ್ಬರಿಗೂ ಮುಖದ ಬಟ್ಟೆ ಸರಿಸಿ ನೋಡಬೇಕು ಅನ್ನಿಸಲಿಲ್ಲ."

"ಚಿತಾಗಾರದಲ್ಲಿ ಸರದಿ ಹಿಡಿದಿದ್ದೆವು ಮೇಡಂ. ಸರದಿ ತಪ್ಪಿದರೆ ಮತ್ತೆ ಸಾಯಂಕಾಲದ ತನಕ ಕಾಯಬೇಕು."

ಸತ್ತವರಿಗೆ ಯಾವ ಅವಸರವಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆದರೆ ಒಂದು ವಿಷಯ ಸ್ಪಷ್ಟವಾಯಿತು. ಮೊನ್ನೆ ಬೆಳಿಗ್ಗೆ ಅಳತೆ ತೆಗೆಯುವಾಗ ಬಿಲ್ಲೆಗಳು ಸರಿಯಾಗಿದ್ದವು. ನಿನ್ನೆ ಬೆಳಿಗ್ಗೆಯ ಹೊತ್ತಿಗೆ ಬದಲಾಗಿದ್ದವು.

"ನಡುವೆ ಈ ಕೋಣೆಗೆ ಯಾರು ಬಂದಿದ್ದರು?"

"ಗಡಿಯಾರದವರ ಕಡೆಯಿಂದ ಯಾರೂ ಇಲ್ಲ. ಆ ಅಜ್ಜಿ ಆಸ್ಪತ್ರೆಯಲ್ಲೇ ಮುಖ ನೋಡಿಕೊಂಡಿದ್ದರು. ಮೇಷ್ಟ್ರ ಮನೆಯ ಹೆಂಗಸರು ಇಬ್ಬರು ಬಂದಿದ್ದರು. ಬೆಳಿಗ್ಗೆ ಇಬ್ಬರೂ ಕೂಡಿ ಪೆಟ್ಟಿಗೆ ಆರಿಸಿದರು. ಮಧ್ಯಾಹ್ನ ದೊಡ್ಡವರು ಬಟ್ಟೆ ತಂದುಕೊಟ್ಟು ಸ್ವಲ್ಪ ಹೊತ್ತು ಕೂತಿದ್ದರು. ಸಾಯಂಕಾಲ ಹೆಂಡತಿ ಬಂದು ಒಬ್ಬರೇ ಕೂತಿದ್ದರು." ಮಾಲೀಕ ದನಿ ಇನ್ನಷ್ಟು ತಗ್ಗಿಸಿದ. "ಹೇಳಬಾರದು. ಆದರೂ ಹೇಳ್ತೀನಿ. ಹೂಳೋದಾ, ಸುಡೋದಾ ಅಂತ ನಾನು ಕೇಳಿದಾಗ ಆ ಹೆಂಡತಿ ಅಂದರು, ನನ್ನನ್ನ ಕೇಳಿದರೆ ಸುಟ್ಟುಬಿಡಿ, ಅವಳ ಪಕ್ಕದಲ್ಲಿ ಮಲಗೋದಕ್ಕಿಂತ ಅದೇ ವಾಸಿ, ಅಂತ."

"ಅವಳ ಅಂದರೆ?"

"ಮೊದಲ ಹೆಂಡತಿ. ಸ್ಮಶಾನದಲ್ಲಿ ಜೋಡಿ ಜಾಗ ಇದೆ. ಕಲ್ಲಿನ ಮೇಲೆ ಮೇಷ್ಟ್ರ ಹೆಸರೂ ಆಗಲೇ ಕೆತ್ತಿದೆ. ತಾರೀಖು ಒಂದು ಬಾಕಿ. ಮುಚ್ಚಿದ ಪೆಟ್ಟಿಗೆ ಬೇಕು ಅಂದವರೂ ಆ ಹೆಂಡತಿಯೇ."

* * *

ಗಡಿಯಾರದವರ ಮನೆ ಗಲ್ಲಿಯ ಕೊನೆಯಲ್ಲಿ, ಮಹಡಿಯ ಮೇಲೆ. ಅಜ್ಜಿ ಮೇಜಿನ ಮುಂದೆ ಕೂತು ಕೈಗಡಿಯಾರಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದಳು. ರಿಪೇರಿಗೆ ಬಂದವು. ಗಿರಾಕಿಗಳಿಗೆ ಮರಳಿಸಬೇಕಿತ್ತು.

ಇನ್‌ಸ್ಪೆಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ. ಇಂಥದ್ದನ್ನು ಬೇಗ ಹೇಳಿ ಮುಗಿಸಬೇಕು, ಇಲ್ಲದಿದ್ದರೆ ಹೇಳಲಾಗುವುದಿಲ್ಲ.

ಅಜ್ಜಿ ಕೈಯಲ್ಲಿದ್ದ ಗಡಿಯಾರವನ್ನು ಸುತ್ತುವುದು ಮುಗಿಸಿ ಪಕ್ಕಕ್ಕಿಟ್ಟಳು.

"ಅವರೇ ಹೇಳಿದ್ದರು, ಸುಡಿ ಅಂತ. ಮಣ್ಣಲ್ಲಿ ಇಟ್ಟರೆ ತುಕ್ಕು ಹಿಡೀತೀನಿ ಕಣೇ ಅಂತ ನಗೋರು. ನಿನ್ನೆ ಸಾಯಂಕಾಲ ಬೂದಿ ತಗೊಂಡು ಸೇತುವೆ ಹತ್ರ ಹೋದೆ. ಹೊಳೆಗೆ ಬಿಡೋ ಮುಂಚೆ ಮಡಿಲಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ಮಾತಾಡಿದೆ. ಮನೇಲಿ ಇದ್ದಾಗ ಆಡದೇ ಇದ್ದದ್ದೆಲ್ಲ ಆಡಿದೆ." ತಲೆ ಎತ್ತಿದಳು. "ಹಾಗಾದರೆ ನಾನು ಯಾರ ಹತ್ರ ಮಾತಾಡಿದ್ದು?"

"ಈಜು ಮೇಷ್ಟ್ರು ಅಂತ ಒಬ್ಬರು ಇದ್ದರು."

"ಸದ್ಯ. ಈಜು ಬರೋರು." ಅಜ್ಜಿ ನಗುವಂತೆ ಬಾಯಿ ಮಾಡಿದಳು, ನಗು ಬರಲಿಲ್ಲ. "ಇವರಿಗೆ ನೀರು ಅಂದರೆ ಭಯ. ಈಗ ನಾನು ಏನು ಮಾಡಬೇಕು ಹೇಳಿ. ಇನ್ನೊಂದು ಸಲ ಸುಡಬೇಕಾ?"

ಇನ್‌ಸ್ಪೆಕ್ಟರ್ ಎದ್ದಳು. ಬಾಗಿಲ ತನಕ ಬಂದ ಅಜ್ಜಿ ಕೇಳಿದಳು, "ಯಾರೋ ಬೇಕಂತಲೇ ಮಾಡಿದ್ದಾ?"

"ಹಾಗೆ ಕಾಣುತ್ತೆ."

"ನನ್ನ ಮೇಲೆ ಏನು ಹಗೆ ಇತ್ತು ಅವರಿಗೆ?"

"ನಿಮ್ಮ ಮೇಲೆ ಏನೂ ಇಲ್ಲಮ್ಮ. ನೀವು ಅವರ ಲೆಕ್ಕಕ್ಕೇ ಬರಲಿಲ್ಲ."

ಹೇಳಿದ ಮೇಲೆ, ಹೇಳಬಾರದಿತ್ತು ಎನಿಸಿತು. ಅಜ್ಜಿ ಮೆಲ್ಲಗೆ ಬಾಗಿಲು ಹಾಕಿಕೊಂಡಳು.

* * *

ಚಿಕ್ಕಮ್ಮನ ಮನೆಯಲ್ಲಿ ಗೋಡೆ ತುಂಬ ಮೇಷ್ಟ್ರ ಫೋಟೋಗಳು. ಪದಕ ಹಾಕಿಕೊಂಡ ಮೇಷ್ಟ್ರು, ಮಕ್ಕಳ ನಡುವೆ ಮೇಷ್ಟ್ರು. ಇತ್ತೀಚಿನವುಗಳಲ್ಲಿ ಕತ್ತು ಮಾಯವಾಗಿ, ಹೊಟ್ಟೆ ಮುಂದೆ ಬಂದಿತ್ತು. ಇನ್‌ಸ್ಪೆಕ್ಟರ್ ಆ ಹೊಟ್ಟೆಯನ್ನು ಕೊಂಚ ಹೊತ್ತು ನೋಡಿದಳು.

"ನೀವೇ ಮಾಡಿದ್ದು ಅಂತ ಎಲ್ಲರೂ ಹೇಳ್ತಿದ್ದಾರೆ" ಎಂದಳು.

"ಹೇಳಲಿ. ಈ ಊರು ನನ್ನನ್ನ ಬೈಯೋದಕ್ಕೆ ಹೊಸದಾಗಿ ಕಲೀಬೇಕಾಗಿಲ್ಲ."

"ಸುಟ್ಟುಬಿಡಿ ಅಂದಿದ್ದು ನಿಜವಾ?"

"ನಿಜ. ಮೂವತ್ತು ವರ್ಷ ಬೇಯಿಸಿ ಹಾಕಿದ್ದು ನಾನು. ಮಂಡಿಗೆ ಎಣ್ಣೆ ತಿಕ್ಕಿದ್ದು ನಾನು. ಸತ್ತ ಮೇಲೆ ಅವಳ ಪಕ್ಕಕ್ಕೆ ಹೋಗ್ತೀನಿ ಅಂತ ಕಲ್ಲಿನ ಮೇಲೆ ಬರೆಸಿಟ್ಟರು. ಹಾಗಾದರೆ ನಾನು ಯಾರು? ಬಸ್ ಸ್ಟ್ಯಾಂಡಾ?"

"ಮೊನ್ನೆ ಸಾಯಂಕಾಲ ಒಬ್ಬರೇ ಹೋಗಿ ಕೂತಿದ್ದಿರಿ."

"ಹೌದು. ಅದನ್ನೇ ಕೇಳೋಕೆ ಹೋಗಿದ್ದೆ. ಬಾಯಿಗೆ ಬಂದಂತೆ ಬೈದು ಬಂದೆ."

"ಮುಖದ ಬಟ್ಟೆ ಸರಿಸಿದಿರಾ?"

"ಇಲ್ಲ. ಮುಖ ನೋಡಿದ್ದರೆ ಬೈಯೋಕೆ ಆಗ್ತಿರಲಿಲ್ಲ."

ಆ ಹೊತ್ತಿಗೆ ಬಿಲ್ಲೆ ಬದಲಾಗಿದ್ದರೆ, ಈಕೆ ಬೈದದ್ದು ಬಡಪಾಯಿ ಗಡಿಯಾರದವರನ್ನೇ ಇರಬೇಕು.

"ಆ ಕರಿ ಕೋಟು ಯಾಕೆ ಕೊಟ್ಟಿರಿ?"

"ನಾನು ಕೊಟ್ಟಿದ್ದು ಬೂದು ಬಣ್ಣದ್ದು. ಹೋದ ವರ್ಷ ಹೊಲಿಸಿದ್ದು. ಆ ಕರಿ ಕೋಟನ್ನ ನಾನು ಇವತ್ತೇ ನೋಡಿದ್ದು. ಅವರು ಈ ಮನೆಗೆ ಬಂದಾಗ ಕೈಯಲ್ಲಿ ಒಂದು ಚೀಲ, ಕೊರಳಲ್ಲಿ ಒಂದು ಸೀಟಿ. ಇನ್ನೇನೂ ತರಲಿಲ್ಲ."

"ಬೂದು ಕೋಟು ಯಾರ ಕೈಯಲ್ಲಿ ಕಳಿಸಿದಿರಿ?"

"ಅಕ್ಕ, ಆ ಹುಡುಗಿಯ ದೊಡ್ಡಮ್ಮ, ಕೇಳಿದರು. ಸುಕ್ಕಾಗಿದೆ, ಇಸ್ತ್ರಿ ಮಾಡಿ ನಾನೇ ಕೊಟ್ಟು ಬರ್ತೀನಿ ಅಂದರು."

"ಪೆಟ್ಟಿಗೆ ಮುಚ್ಚಿಯೇ ಇರಲಿ ಅನ್ನೋದು ನಿಮ್ಮ ಯೋಚನೆಯಾ?"

ಚಿಕ್ಕಮ್ಮ ಬಾಯಿ ತೆರೆದು, ತಡೆದಳು. "ಜನ ಅವರನ್ನ ಗಟ್ಟಿಯಾಗಿದ್ದ ಹಾಗೇ ನೆನಪಿಟ್ಟುಕೊಳ್ಳಲಿ ಅಂತ ಅಕ್ಕ ಅಂದರು. ನನಗೂ ಸರಿ ಅನ್ನಿಸಿತು. ನಾನು ಮಾಲೀಕರಿಗೆ ಹೇಳಿದೆ."

"ಸೀರೆ ಬದಲಾಯಿಸಿಕೊಳ್ಳಿ" ಎಂದಳು ಇನ್‌ಸ್ಪೆಕ್ಟರ್. "ನಿಮ್ಮ ಅಕ್ಕನ ಮನೆಗೆ ಹೋಗೋಣ."

* * *

ದೊಡ್ಡಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದವಳು. ನಿವೃತ್ತಳಾಗಿ ವರ್ಷಗಳಾಗಿದ್ದವು. ಮಂಚದ ಮೇಲೆ ಕೂತು ಮಗಳ ಬಟ್ಟೆಗಳನ್ನು ಮಡಿಸುತ್ತಿದ್ದಳು. ಒಂದೊಂದು ಮಡಿಕೆಯೂ ಅಳತೆ ಹಿಡಿದಂತಿತ್ತು. ಮಗಳು ಕಿಟಕಿಯ ಬಳಿ ನಿಂತಿದ್ದಳು. ಚಿಕ್ಕಮ್ಮ ಬಾಗಿಲ ಹತ್ತಿರದ ಮಣೆಯ ಮೇಲೆ ಕೂತಳು. ಈ ಮನೆಗೆ ಅವಳು ಹಿಂದೆಂದೂ ಬಂದಿರಲಿಲ್ಲ.

ಮೂಲೆಯಲ್ಲಿ ಹಳೆಯ ಮರದ ಬೀರು ಇತ್ತು.

"ತೆಗೀಬಹುದಾ?" ಎಂದಳು ಇನ್‌ಸ್ಪೆಕ್ಟರ್.

ದೊಡ್ಡಮ್ಮ ತಲೆ ಎತ್ತಲಿಲ್ಲ. "ಬೀಗ ಇಲ್ಲ."

ಬಾಗಿಲು ತೆರೆದೊಡನೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಹಳೆಯ ಸೀರೆಗಳು, ಎಳೆಗೂಸಿನ ಅಂಗಿಗಳು, ಒಂದು ಮದುವೆ ಫೋಟೋ. ಸಾಲಾಗಿ ತೂಗುಹಾಕಿದ್ದ ಬಟ್ಟೆಗಳ ನಡುವೆ ಒಂದು ಕಡೆ ಖಾಲಿ. ಕೆಳಗಿನ ಖಾನೆಯಲ್ಲಿ ಬೂದು ಕೋಟು. ಇಸ್ತ್ರಿ ಮಾಡಿರಲಿಲ್ಲ.

"ದೊಡ್ಡಮ್ಮ?" ಎಂದಳು ಮಗಳು.

ಇನ್‌ಸ್ಪೆಕ್ಟರ್ ಬೀರು ಮುಚ್ಚಿದಳು.

"ನಾನೇ ಹೇಳ್ತೀನಿ. ತಪ್ಪಿದ್ದರೆ ತಿದ್ದಿ. ಮೊನ್ನೆ ಬೆಳಿಗ್ಗೆ ಪೆಟ್ಟಿಗೆ ಆರಿಸೋಕೆ ಹೋದಿರಿ. ಇವರು ಮಾಲೀಕನ ಜೊತೆ ಮಾತಾಡ್ತಿದ್ದಾಗ ನೀವು ಹಿಂದಿನ ಕೋಣೆಗೆ ಹೋದಿರಿ. ಪಕ್ಕದ ಮೇಜಿನ ಮೇಲೆ ಇನ್ನೊಬ್ಬರಿದ್ದರು, ಸುಡಬೇಕಾದವರು. ಕಾಲಲ್ಲಿ ದಾರದ ಬಿಲ್ಲೆ. ಬಿಲ್ಲೆ ಬದಲಾಯಿಸೋದು ಸುಲಭ. ತೊಂದರೆ ಒಂದೇ. ಅವರು ಬಡಕಲು, ಮೇಷ್ಟ್ರು ದಪ್ಪ. ಆ ಬೂದು ಕೋಟನ್ನ ಅವರಿಗೆ ಹಾಕಿದ್ದರೆ ಗೂಟಕ್ಕೆ ಚೀಲ ಸಿಕ್ಕಿಸಿದ ಹಾಗೆ ಕಾಣ್ತಿತ್ತು. ಬಟ್ಟೆ ತೊಡಿಸೋ ಹೆಂಗಸು ಮೇಷ್ಟ್ರನ್ನ ನೋಡಿಲ್ಲ, ಆದರೆ ಕೋಟು ಅವರದ್ದಲ್ಲ ಅನ್ನೋದು ಅವಳಿಗೂ ಗೊತ್ತಾಗ್ತಿತ್ತು. ಅದಕ್ಕೆ ಅಳತೆಗೆ ಸರಿಯಾದ ಕೋಟು ಬೇಕಾಯಿತು. ನಾಳೆ ಯಾರಾದರೂ ಕೇಳಿದರೆ ಮೇಷ್ಟ್ರದ್ದೇ ಅಂತ ಹೇಳೋ ಹಾಗೂ ಇರಬೇಕು. ಮದುವೆಯಾದಾಗ ಮೇಷ್ಟ್ರು ಸಣ್ಣಗಿದ್ದರು."

ದೊಡ್ಡಮ್ಮ ಒಂದು ಸೀರೆಯನ್ನು ಎತ್ತಿಕೊಂಡಳು.

"ಆ ಕೋಟಿನ ಗುಂಡಿ ಹಾಕಿಕೊಂಡು ಮೇಷ್ಟ್ರಿಗೆ ಉಸಿರಾಡೋಕೇ ಆಗ್ತಿರಲಿಲ್ಲ. ಅದನ್ನ ಆರಿಸಿದವರಿಗೆ, ಅದು ಮೇಷ್ಟ್ರ ಮೈಗೆ ಹೋಗಲ್ಲ ಅಂತ ಮೊದಲೇ ಗೊತ್ತಿತ್ತು. ಬೇರೆ ಯಾರ ಮೈಗೆ ಅನ್ನೋದೂ ಗೊತ್ತಿತ್ತು. ಕೋಟು ಇವರ ಮನೆ ಹೊಸಿಲು ದಾಟಿಲ್ಲ. ನಿಮ್ಮ ತಂಗಿ ಹೋದ ಮೇಲೆ ಆ ಮನೆ ಖಾಲಿ ಮಾಡಿದ್ದು ನೀವು. ಮಧ್ಯಾಹ್ನ ಕೋಟು ಕೊಟ್ಟು, ಸ್ವಲ್ಪ ಹೊತ್ತು ಕೂರ್ತೀನಿ ಅಂತ ಒಳಗೆ ಹೋದಿರಿ. ಆವಾಗಲೇ ಬಿಲ್ಲೆ ಬದಲಾಯಿತು."

"ಮುಖದ ಬಟ್ಟೆ ಸರಿಸಿ ನೋಡಿದೆ" ಎಂದಳು ದೊಡ್ಡಮ್ಮ. "ತಪ್ಪಾಗಬಾರದು ಅಂತ. ಹೆಣ ನನಗೇನು ಹೊಸದಲ್ಲ."

ಕಿಟಕಿಯ ಬಳಿಯಿಂದ ಮಗಳು ಬಂದು ಮಂಚದ ಎದುರು ನಿಂತಳು. "ಯಾಕೆ?"

"ನಿಮ್ಮಮ್ಮ ಹೇಳಿದ್ದಳು."

"ಏನಂತ?"

ದೊಡ್ಡಮ್ಮ ಸೀರೆಯನ್ನು ಕೆಳಗಿಟ್ಟಳು.

"ಮಲಗಿದಲ್ಲೇ ಇದ್ದಳಲ್ಲ ಕೊನೆಗೆ. ಬಾಗಿಲು ಸದ್ದಾದರೆ ಸಾಕು, ಕತ್ತು ಎತ್ತೋಳು. ಹಾಲಿನವನು, ಅಂಚೆಯವನು, ಯಾರೇ ಬಂದರೂ ಎತ್ತೋಳು. ಅವನು ಬರಲಿಲ್ಲ. ಇವಳ ಮನೇಲಿದ್ದ." ಚಿಕ್ಕಮ್ಮನ ಕಡೆ ನೋಡದೆ ಕೈ ಮಾತ್ರ ತೋರಿಸಿದಳು. "ಎರಡು ಬೀದಿ ಆಚೆ. ಬರೋನು ಶರ್ಟು ತಗೊಂಡು ಹೋಗೋಕೆ. ಒಂದು ದಿನ ಅವಳು ಕತ್ತು ಎತ್ತೋದನ್ನ ನಿಲ್ಲಿಸಿದಳು. ಆವತ್ತು ನನ್ನ ಕೈ ಹಿಡಿದು ಅಂದಳು, ಅಕ್ಕ, ಸತ್ತ ಮೇಲಾದರೂ ಕಾಯೋ ಹಾಗೆ ಮಾಡಬೇಡ, ಅವರನ್ನ ನನ್ನ ಪಕ್ಕ ತರಬೇಡ, ಅಂತ."

ದೊಡ್ಡಮ್ಮ ಕೆಳಗಿಟ್ಟ ಸೀರೆಯ ಅಂಚನ್ನು ನೇರ ಮಾಡಿದಳು.

"ಸತ್ತ ದಿನ ಬಂದ. ಹೂವಿನ ಹಾರ ತಂದ. ಊರೆಲ್ಲ ಸೇರಿತ್ತಲ್ಲ, ಎಲ್ಲರೆದುರು ಜೋಡಿ ಜಾಗ ಕೊಂಡ, ಇಬ್ಬರ ಹೆಸರೂ ಕೆತ್ತಿಸಿದ. ಜನ ಕಣ್ಣೊರೆಸಿಕೊಂಡರು. ನಾನು ಹೇಳಿದೆ ಅವನಿಗೆ, ಅವಳಿಗೆ ಬೇಡವಂತೆ ಅಂತ. ವರ್ಷ ವರ್ಷ ಹೇಳಿದೆ. ಕಲ್ಲು ಕೆತ್ತಿಸಿ ಆಗಿದೆ, ಈಗ ತೆಗೆಸಿದರೆ ಜನ ಏನಂತಾರೆ ಅಂದ."

ಇನ್‌ಸ್ಪೆಕ್ಟರ್ ತನ್ನ ಕೈಗಳನ್ನು ನೋಡಿಕೊಂಡಳು. ಮುಳುಗುವವರ ಜುಟ್ಟು ಹಿಡಿದು ದಡಕ್ಕೆ ಎಳೆದ ಮನುಷ್ಯ. ಎರಡು ಬೀದಿ ನಡೆಯಲಾಗದ ಮನುಷ್ಯ. ಇಬ್ಬರೂ ಒಬ್ಬನೇ. ಇಂದು ಬೆಳಿಗ್ಗೆ ಮೊದಲನೆಯವನಿಗಾಗಿ ಅಳಲೆಂದು ಬಂದಿದ್ದಳು. ಈಗ ಯಾರಿಗಾಗಿ ಅಳಬೇಕೆಂದು ತಿಳಿಯಲಿಲ್ಲ.

"ನನಗೆ ಹೇಳಬಹುದಿತ್ತು" ಎಂದಳು ಮಗಳು. "ಮೊನ್ನೆ ಫೋನ್ ಮಾಡಿದಾಗ ಹೇಳಬಹುದಿತ್ತು."

"ಬೇರೆ ಜಾಗ ನೋಡೋಣ ಅಂತ ನಾನೂ ಅಂದೆ, ಇವಳೂ ಅಂದಳು. ನೀನು ಕೇಳಲಿಲ್ಲ. ಅಪ್ಪ ಅಮ್ಮ ಬೇರೆ ಬೇರೆ ಮಲಗೋದನ್ನ ನಾನು ನೋಡಲಾರೆ ಅಂತ ಫೋನಿನಲ್ಲೇ ಅತ್ತೆ. ಆಮೇಲೆ ಹೇಗೆ ಹೇಳಲಿ? ಅಪ್ಪ ಸತ್ತ ದಿನವೇ ಅವನನ್ನ ಇನ್ನೊಂದು ಸಲ ಸಾಯಿಸಬೇಕಿತ್ತಾ?"

"ಅದಕ್ಕೆ ನೀನು ಸುಟ್ಟೆ."

"ಹೂಂ."

"ಅಮ್ಮನ ಪಕ್ಕ ನೀನು ಯಾರೋ ಗುರುತಿಲ್ಲದವರನ್ನ ಇಡ್ತಿದ್ದೆ. ನಾನು ಬದುಕಿರೋವರೆಗೂ ಅಲ್ಲಿಗೆ ಹೂವು ತಗೊಂಡು ಹೋಗ್ತಿದ್ದೆ."

"ಗುರುತಿಲ್ಲದವನಾದರೆ ಏನಾಯಿತು" ಎಂದಳು ದೊಡ್ಡಮ್ಮ. "ಅವಳಿಗೆ ನೋವು ಕೊಡದ ಗಂಡಸು."

"ಅವರಿಗೂ ಒಬ್ಬ ಹೆಂಡತಿ ಇದ್ದಾರೆ" ಎಂದಳು ಇನ್‌ಸ್ಪೆಕ್ಟರ್.

"ಅವರಿಗೆ ಗೊತ್ತಾಗ್ತಿರಲಿಲ್ಲ. ಬೂದಿಗೆ ಮುಖ ಇರುತ್ತಾ?"

"ಬೂದಿಯನ್ನ ಮಡಿಲಲ್ಲಿ ಇಟ್ಟುಕೊಂಡು, ಜೀವನ ಪೂರ್ತಿ ಆಡದೇ ಉಳಿದ ಮಾತೆಲ್ಲ ಆಡಿದರಂತೆ. ನಾನು ಯಾರ ಹತ್ರ ಮಾತಾಡಿದ್ದು ಅಂತ ಕೇಳಿದರು. ನಿಮ್ಮನ್ನ ಕೇಳೋಣ ಅಂತ ಬಂದೆ."

ದೊಡ್ಡಮ್ಮನ ಕೈಗಳು ಮಡಿಸಿದ ಬಟ್ಟೆಯ ಮೇಲೆ ನಿಂತವು. ಮೊದಲ ಬಾರಿಗೆ ಅವಳ ಬೆನ್ನು ಬಾಗಿತು.

ಬಾಗಿಲ ಬಳಿ ಚಿಕ್ಕಮ್ಮ ಸದ್ದಿಲ್ಲದೆ ಅಳುತ್ತಿದ್ದಳು. ಯಾರೂ ಅವಳತ್ತ ನೋಡಲಿಲ್ಲ.

* * *

ಜೀಪು ಬಂದಾಗ ಇನ್ನೂ ಬಿಸಿಲಿತ್ತು. ಶವಕ್ಕೆ ಅವಮಾನ, ಮೋಸ, ಇನ್ನೊಂದೆರಡು ಕಲಮು. ವಯಸ್ಸಾದವಳು, ನ್ಯಾಯಾಲಯ ಬೈದು ಬಿಟ್ಟರೂ ಬಿಟ್ಟೀತು. ಪೆಟ್ಟಿಗೆ ಅಂಗಡಿಯ ಮಾಲೀಕನ ಮೇಲೂ ಒಂದು ದೂರು ಬರೆಯಲೇಬೇಕು. ಅವನು ಮುಖದ ಬಟ್ಟೆಯನ್ನು ಒಂದು ಸಲ ಸರಿಸಿದ್ದರೆ ಇದೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಇನ್‌ಸ್ಪೆಕ್ಟರ್ ಬಾಗಿಲು ಹಾಕುವಾಗ ದೊಡ್ಡಮ್ಮ ಅವಳ ತೋಳು ಹಿಡಿದಳು.

"ಒಂದು ಮಾತು ಕೇಳಿಕೊಂಡು ಬರ್ತೀರಾ ನಮ್ಮ ಹುಡುಗೀನ? ನಾನು ಕೇಳಿದರೆ ಮುಖ ತಿರುಗಿಸ್ತಾಳೆ."

"ಏನು?"

"ಆ ಜಾಗ ಖಾಲಿ ಉಳೀತಲ್ಲ. ನನಗೆ ಗಂಡ ಇಲ್ಲ, ಮಕ್ಕಳಿಲ್ಲ. ನನ್ನ ಕಾಲ ಬಂದಾಗ ಯಾರು ಏನು ಆರಿಸ್ತಾರೋ ಗೊತ್ತಿಲ್ಲ. ನನ್ನ ತಂಗಿ ಪಕ್ಕ ನನ್ನನ್ನ ಇಡಬಹುದಾ ಅಂತ ಕೇಳಿ."

ಇನ್‌ಸ್ಪೆಕ್ಟರ್ ತಿರುಗಿ ಮನೆಗೆ ನಡೆದಳು. ಮಗಳು ಮಂಚದ ಮೇಲೆ ಕೂತು, ದೊಡ್ಡಮ್ಮ ಮಡಿಸಿಟ್ಟ ಬಟ್ಟೆಗಳನ್ನು ಹಾಗೆ ಹಾಗೇ ಚೀಲಕ್ಕೆ ತುಂಬುತ್ತಿದ್ದಳು. ಇನ್‌ಸ್ಪೆಕ್ಟರ್ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಬೇಡ" ಎಂದಳು.

"ಈಗಲೇ ಹೇಳಬೇಕಾಗಿಲ್ಲ. ಯೋಚನೆ ಮಾಡಿ."

"ಮಾಡಿದೆ. ಅಮ್ಮ ಹೇಳಿದ್ದನ್ನ ಕೇಳದೇ ಇದ್ದವರೂ ಬೇಡ, ಅದನ್ನ ನನ್ನಿಂದ ಮುಚ್ಚಿಟ್ಟವರೂ ಬೇಡ. ಅಪ್ಪನ ಹೆಸರನ್ನೂ ಕಲ್ಲಿನಿಂದ ತೆಗೆಸ್ತೀನಿ. ಅಮ್ಮ ಒಬ್ಬಳೇ ಇರಲಿ." ಚೀಲದ ಬಾಯಿ ಎಳೆದು ಕಟ್ಟಿದಳು. "ಹೀಗೇ ಹೇಳಿ ಅವರಿಗೆ. ಮೆತ್ತಗೆ ಮಾಡಿ ಹೇಳಬೇಡಿ."

ಇನ್‌ಸ್ಪೆಕ್ಟರ್ ಜೀಪಿಗೆ ಮರಳಿದಳು. ಮೆತ್ತಗೆ ಮಾಡಿ ಹೇಳುವ ಬಗೆ ಅವಳಿಗೂ ಹೊಳೆಯಲಿಲ್ಲ.

"ಬೇಡ ಅಂದಳು."

ದೊಡ್ಡಮ್ಮ ಮುಂದಿನ ಗಾಜಿನಾಚೆಯ ಬೀದಿಯನ್ನೇ ನೋಡುತ್ತಿದ್ದಳು. ತಲೆಯಾಡಿಸಿದಳು.

"ಅವಳಮ್ಮನೂ ಹೀಗೇ. ಏನಿದ್ದರೂ ಒಂದೇ ಸಲ ಹೇಳೋದು." ಸೆರಗನ್ನು ಮಡಿಲಿಗೆ ಎಳೆದುಕೊಂಡಳು. "ನಡೀರಿ."